ಕಳೆ ಮೀನು ಅಂತ ಹೆಸರಿಟ್ಟವರು ಯಾರು?

ಮೀನುಮರಿ ಬಿಡುವ ಮುಂಚೆ ಕೊಳವನ್ನು ಹದ ಮಾಡಬೇಕು. ಮೀನು ಸಾಕಣೆಯ ಯಾವ ಕೈಪಿಡಿ ತೆರೆದರೂ ಈ ಪಾಠ ಮೊದಲ ಪುಟಗಳಲ್ಲೇ ಸಿಗುತ್ತದೆ. ನೀರು ಖಾಲಿ ಮಾಡಿ ಒಣಗಿಸಲು ಆದರೆ ಒಣಗಿಸಿ. ಆಗದಿದ್ದರೆ ಹಿಪ್ಪೆ ಹಿಂಡಿ ಹಾಕಿ. ಒಂದು ಹೆಕ್ಟೇರ್ ಕೊಳದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು ಎರಡೂವರೆ ಟನ್ ಹಿಂಡಿ ಬೇಕು. ಹಿಪ್ಪೆ ಬೀಜದಿಂದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುತ್ತದಲ್ಲ, ಅದೇ ಇದು. ಅದರಲ್ಲಿ ಸಪೋನಿನ್ ಅನ್ನುವ ಅಂಶ ಇರುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವುದೂ ಇದೇ ಬಳಗದ ಅಂಶ. ನಮ್ಮ ಕೂದಲಿಗೆ ಒಳ್ಳೆಯದಾದ ಇದು ಮೀನಿನ ರಕ್ತಕಣಗಳನ್ನು ಒಡೆದುಹಾಕುತ್ತದೆ. ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲೆ ತೇಲುತ್ತವೆ. ಎರಡು ಮೂರು ವಾರ ಕಳೆದರೆ ವಿಷ ಇಳಿದು ಅದೇ ಹಿಂಡಿ ಕೊಳಕ್ಕೆ ಗೊಬ್ಬರವಾಗುತ್ತದೆ. ಆಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡಬಹುದು.

ಹೀಗೆ ಸತ್ತು ತೇಲುವ ಸಣ್ಣ ಮೀನುಗಳಿಗೆ ಕೈಪಿಡಿಯಲ್ಲಿ ಒಂದು ಹೆಸರಿದೆ: ಕಳೆ ಮೀನು. ರಾಗಿ ಹೊಲದಲ್ಲಿ ಕಳೆ ಇದ್ದ ಹಾಗೆ. ಬಿತ್ತಿದವನಿಗೆ ಬೇಡವಾದದ್ದು, ಬಿತ್ತಿದ ಬೆಳೆಯ ಗೊಬ್ಬರ ತಿನ್ನುವಂಥದ್ದು.

ಸಾಕುವವನ ಕಡೆಯಿಂದ ನೋಡಿದರೆ ಈ ಮಾತಿನಲ್ಲಿ ತಪ್ಪೇನಿಲ್ಲ. ಮರಿಗೆ ದುಡ್ಡು, ಮೇವಿಗೆ ದುಡ್ಡು, ಕೊಳ ತೋಡಿಸಲು ಸಾಲ. ಬೆರಳುದ್ದದ ಪಕ್ಕೆ ಮೀನು ಬಂದು ಮೇವು ತಿಂದುಹೋದರೆ ಅವನಿಗೆ ನಷ್ಟವೇ. ಆದರೆ ಆ ಪಕ್ಕೆ ಮೀನು ಯಾರದ್ದೋ ಮನೆಯ ಸಾರು ಆಗುತ್ತಿತ್ತು. ಸಿಹಿನೀರಿನ ಮೀನು ಜನರ ಹೊಟ್ಟೆ ತುಂಬಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ಮೀನು, ಯಾರ ಹೊಟ್ಟೆ ಅನ್ನುವ ಪ್ರಶ್ನೆ ಬಂದಾಗ ಮಾತು ಸ್ವಲ್ಪ ಮೆತ್ತಗಾಗುತ್ತದೆ. ನಾವು ಟನ್ ಲೆಕ್ಕದಲ್ಲಿ ಗೆದ್ದಿದ್ದೇವೆ, ಊಟದ ಲೆಕ್ಕದಲ್ಲಿ ಏನನ್ನೋ ಕಳೆದುಕೊಳ್ಳುತ್ತಿದ್ದೇವೆ ಅನ್ನುವುದು ನನ್ನ ಅನುಮಾನ.

ಲೆಕ್ಕದಲ್ಲಿರುವ ಮೀನು, ಲೆಕ್ಕಕ್ಕೆ ಸಿಗದ ಮೀನು

ಮೊದಲು ಗೆದ್ದ ಲೆಕ್ಕ ನೋಡೋಣ. 2022-23ರಲ್ಲಿ ಭಾರತದ ಒಟ್ಟು ಮೀನು ಉತ್ಪಾದನೆ 175.45 ಲಕ್ಷ ಟನ್. ಇದರಲ್ಲಿ ಸಮುದ್ರದ ಪಾಲು 44.32 ಲಕ್ಷ ಟನ್. ಉಳಿದ 131.13 ಲಕ್ಷ ಟನ್ ಒಳನಾಡಿನದ್ದು. ಅಂದರೆ ಕೆರೆ, ಕೊಳ, ನದಿ, ಜಲಾಶಯಗಳದ್ದು. ನಾಲ್ಕು ಕಿಲೋದಲ್ಲಿ ಮೂರು ಕಿಲೋ ಆಯಿತು. ಮೀನು ಅಂದ ಕೂಡಲೇ ಮಲ್ಪೆ, ಮಂಗಳೂರು, ಕಾರವಾರ ನೆನಪಾಗುವ ನಮಗೆ ಇದು ಸ್ವಲ್ಪ ಆಶ್ಚರ್ಯವೇ. ಸುಮಾರು ಮುನ್ನೂರು ಕಿಲೋಮೀಟರ್ ಕಡಲ ತೀರ ಇರುವ ಈ ರಾಜ್ಯದಲ್ಲಿ ಕೆರೆಗಳೇ ಮೂವತ್ತಾರು ಸಾವಿರಕ್ಕೂ ಜಾಸ್ತಿ ಇವೆ ಅನ್ನುವುದನ್ನು ನಾವು ಮರೆತುಬಿಡುತ್ತೇವೆ.

ಪ್ರಪಂಚದ ಕಥೆಯೂ ಇದೇ ದಿಕ್ಕಿನಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 2022ರಲ್ಲಿ ಮೊದಲ ಸಲ ಸಾಕಿದ ಜಲಚರಗಳ ಪ್ರಮಾಣ ಹಿಡಿದದ್ದನ್ನು ಮೀರಿತು. ಸಾಕಿದ್ದು 9.44 ಕೋಟಿ ಟನ್. ಅದರಲ್ಲಿ ಬಹುಪಾಲು ಸಿಹಿನೀರಿನದ್ದು. ಸಾಕದೆ, ನದಿ ಕೆರೆಗಳಿಂದ ಸುಮ್ನೆ ಹಿಡಿದ ಮೀನು 1.13 ಕೋಟಿ ಟನ್. ಈ ಹಿಡಿಯುವ ಲೆಕ್ಕದಲ್ಲಿ ಮೊದಲ ಸ್ಥಾನ ಭಾರತದ್ದೇ, ಸುಮಾರು 19 ಲಕ್ಷ ಟನ್. ಆಮೇಲೆ ಬಾಂಗ್ಲಾದೇಶ, ಚೀನಾ, ಮ್ಯಾನ್ಮಾರ್.

ಈಗ ಈ 1.13 ಕೋಟಿ ಟನ್ ಅನ್ನುವ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಸಮುದ್ರದ ಮೀನು ಬಂದರಿಗೆ ಬರುತ್ತದೆ, ಹರಾಜಾಗುತ್ತದೆ, ಯಾರಾದರೂ ಬರೆದಿಡುತ್ತಾರೆ. ಆದರೆ ಸಂಜೆ ಹೊತ್ತು ನಾಲೆಯ ಬದಿಯಲ್ಲಿ ಗಾಳ ಹಾಕಿ ಕೂತ ಹುಡುಗ ಹಿಡಿದ ಆರು ಮೀನನ್ನು ಬರೆದಿಡುವವರು ಯಾರು? ಗದ್ದೆ ಬದುವಿನ ತೂಬಿಗೆ ಸೀರೆ ಕಟ್ಟಿ ಹಿಡಿದದ್ದು ಯಾವ ರಿಜಿಸ್ಟರಿಗೆ ಹೋಗುತ್ತದೆ? ಅದು ಮಾರುಕಟ್ಟೆಗೇ ಬರುವುದಿಲ್ಲ. ನೇರ ಒಲೆಗೆ ಹೋಗುತ್ತದೆ. 2018ರಲ್ಲಿ ಕೆಲವು ಸಂಶೋಧಕರು ಲೆಕ್ಕವನ್ನು ತಲೆಕೆಳಗು ಮಾಡಿ ನೋಡಿದರು. ಎಷ್ಟು ಹಿಡಿದಿರಿ ಅನ್ನುವುದನ್ನು ಬಿಟ್ಟು, ಮನೆಗಳಲ್ಲಿ ಎಷ್ಟು ತಿಂದಿರಿ ಅನ್ನುವ ಸಮೀಕ್ಷೆಗಳನ್ನು ಹಿಡಿದು 42 ದೇಶಗಳ ಲೆಕ್ಕ ಹಾಕಿದರು. ಸರ್ಕಾರಗಳು ಹೇಳಿದ್ದಕ್ಕಿಂತ ಸುಮಾರು ಶೇ 65ರಷ್ಟು ಜಾಸ್ತಿ ಮೀನು ಊಟದ ತಟ್ಟೆಯಲ್ಲಿ ಸಿಕ್ಕಿತು. ನೂರು ಕಿಲೋ ಅಂತ ಬರೆದಿದ್ದ ಕಡೆ ನೂರಾ ಅರವತ್ತೈದು!

2016ರ ಇನ್ನೊಂದು ಅಧ್ಯಯನದ ಅಂದಾಜು ಹೀಗಿದೆ: ಹಿಡಿಯುವ ಸಿಹಿನೀರಿನ ಮೀನು 15.8 ಕೋಟಿ ಜನರಿಗೆ ಬೇಕಾದ ಪೂರ್ತಿ ಪ್ರಾಣಿಜನ್ಯ ಪ್ರೋಟೀನಿಗೆ ಸಮ. ಇದನ್ನು ಹೆಚ್ಚು ನೆಚ್ಚಿಕೊಂಡವರು ಬಡ ದೇಶಗಳವರು, ಊಟ ಸಾಲದವರು. ಲೆಕ್ಕಕ್ಕೆ ಸಿಗದ ಮೀನು ಹೋದರೂ ಲೆಕ್ಕಕ್ಕೆ ಸಿಗುವುದಿಲ್ಲ, ಅಲ್ವಾ? ಸಮಸ್ಯೆ ಇರುವುದು ಅಲ್ಲೇ. ಒಂದು ಅಣೆಕಟ್ಟು ಕಟ್ಟುವಾಗ, ಒಂದು ಕೆರೆಯನ್ನು ಗುತ್ತಿಗೆ ಕೊಡುವಾಗ, ಒಂದು ಗದ್ದೆ ಬಯಲನ್ನು ಮುಚ್ಚುವಾಗ ನಷ್ಟದ ಪಟ್ಟಿಯಲ್ಲಿ ಈ ಮೀನು ಬರುವುದೇ ಇಲ್ಲ.

ತಲೆ ಸಮೇತ ತಿನ್ನುವ ಮೀನು

ನಮ್ಮಜ್ಜಿ ಸಣ್ಣ ಮೀನು ತಂದರೆ ಬೂದಿ ಹಚ್ಚಿ ಕಲ್ಲಿನ ಮೇಲೆ ತಿಕ್ಕುತ್ತಿದ್ದರು. ಹುರುಪೆ ಹೋಗುವ ತನಕ ತಿಕ್ಕಿ, ಮೂರು ನೀರು ತೊಳೆದು, ಹುಣಸೆ ಹುಳಿ ಹಾಕಿ ಮಡಕೆಯಲ್ಲಿ ಕುದಿಸುತ್ತಿದ್ದರು. ತಲೆ ಕತ್ತರಿಸುವ ಮಾತೇ ಇಲ್ಲ. ಅಷ್ಟು ಸಣ್ಣ ಮೀನಿಗೆ ತಲೆ ತೆಗೆದರೆ ಉಳಿಯುವುದೇನು? ಮುಳ್ಳು ಸಮೇತ ಅಗಿದು ನುಂಗುವುದು. ನಮಗೆ ಆಗ ದೊಡ್ಡ ಮೀನಿನ ತುಂಡು ತಿನ್ನುವವರನ್ನು ಕಂಡರೆ ಹೊಟ್ಟೆಕಿಚ್ಚು. ನಾವೇ ಚೆನ್ನಾಗಿ ತಿನ್ನುತ್ತಿದ್ದೆವು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ದೊಡ್ಡ ಕಾಟ್ಲಾದ ತುಂಡಿನಲ್ಲಿ ನಾವು ತಿನ್ನುವುದು ಮಾಂಸಖಂಡ ಮಾತ್ರ. ಒಳ್ಳೆಯ ಪ್ರೋಟೀನ್, ಅನುಮಾನವೇ ಇಲ್ಲ. ಸಣ್ಣ ಮೀನಿನಲ್ಲಿ ಮೂಳೆ ಬರುತ್ತದೆ, ಅಂದರೆ ಸುಣ್ಣದಂಶ. ಯಕೃತ್ತು ಬರುತ್ತದೆ, ಕಣ್ಣು ಬರುತ್ತದೆ. ಕಬ್ಬಿಣ, ಸತು, ವಿಟಮಿನ್ ಎ, ಬಿ12 ಎಲ್ಲ ಒಂದೇ ಪೊಟ್ಟಣದಲ್ಲಿ. ಇದನ್ನು ಪ್ರಪಂಚಕ್ಕೆ ಗಟ್ಟಿಯಾಗಿ ಹೇಳಿದವರು ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದ ಭಾರತೀಯರ ವಂಶದವರು, ಟ್ರಿನಿಡಾಡ್‌ನಲ್ಲಿ ಹುಟ್ಟಿದವರು. 1980ರ ದಶಕದ ಕೊನೆಯಲ್ಲಿ ಬಾಂಗ್ಲಾದೇಶದಲ್ಲಿ ಅಪೌಷ್ಟಿಕ ಮಕ್ಕಳ ನಡುವೆ ಕೆಲಸ ಶುರು ಮಾಡಿದರು. ಅಲ್ಲಿನ ಹೆಂಗಸರು ಮೋಲಾ ಅನ್ನುವ ಬೆರಳುದ್ದದ ಮೀನು ಕಣ್ಣಿಗೆ ಒಳ್ಳೆಯದು ಅಂತ ಮೊದಲಿಂದಲೂ ನಂಬಿದ್ದರು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಅಜ್ಜಿಯರ ಮಾತು ಸುಳ್ಳಾಗಲಿಲ್ಲ. 100 ಗ್ರಾಂ ಮೋಲಾದಲ್ಲಿ ಎರಡೂವರೆ ಸಾವಿರ ಮೈಕ್ರೋಗ್ರಾಂಗೂ ಜಾಸ್ತಿ ವಿಟಮಿನ್ ಎ ಸಿಕ್ಕಿತು. ರೋಹು, ಬೆಳ್ಳಿ ಗೆಂಡೆಯಂಥ ಸಾಕು ಮೀನಿನಲ್ಲಿ ನೂರು ಕೂಡ ಇಲ್ಲ. ಪುಟ್ಟ ಮಗುವಿಗೆ ದಿನಕ್ಕೆ ಬೇಕಾದ್ದು ಸುಮಾರು ನಾನೂರು. ಮೋಲಾದ ಈ ವಿಟಮಿನ್ ಇರುವುದು ಹೆಚ್ಚಾಗಿ ಕಣ್ಣಿನಲ್ಲಿ ಮತ್ತು ಹೊಟ್ಟೆಭಾಗದಲ್ಲಿ. ತಲೆ ಕತ್ತರಿಸಿ, ಹೊಟ್ಟೆ ಬಗೆದು ಎಸೆದರೆ ಅದೂ ಎಸೆದ ಹಾಗೆ. ಈ ಕೆಲಸಕ್ಕೆ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಮೋಲಾದ ಹತ್ತಿರದ ನೆಂಟರು ನಮ್ಮ ಕೆರೆಗಳಲ್ಲೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಹಿತ್ತಲ ಕೆರೆಗೂ ಒಪ್ಪುತ್ತದೆ.

ಇಲ್ಲೊಂದು ಮಾತು ಮುಚ್ಚಿಡಬಾರದು. ಮೋಲಾದ ವಿಟಮಿನ್ ಎ ಬಹುಪಾಲು ಬೇರೊಂದು ರೂಪದ್ದು, ಅದರ ಬಲ ಮಾಮೂಲಿ ರೂಪದಷ್ಟಿಲ್ಲ. ಮಕ್ಕಳಿಗೆ ಮೋಲಾ ತಿನ್ನಿಸಿ ನೋಡಿದ ಒಂದು ಪ್ರಯೋಗದಲ್ಲಿ ರಕ್ತದ ವಿಟಮಿನ್ ಎ ಮಟ್ಟ ಅಂದುಕೊಂಡಂತೆ ಏರಲಿಲ್ಲ. ಹಾಗಾಗಿ ಒಂದು ಮೀನನ್ನು ಸಂಜೀವಿನಿ ಮಾಡುವುದು ಬೇಡ. ಆದರೆ ಸಣ್ಣ ಮೀನಿನ ಲಾಭ ಒಂದೇ ವಿಟಮಿನ್ನಿನ ಮೇಲೆ ನಿಂತಿಲ್ಲ.

ಬಯಲುಸೀಮೆಯವರಿಗೆ ಇದರಲ್ಲಿ ಇನ್ನೊಂದು ಗುಟ್ಟಿದೆ. ರಾಗಿಯಲ್ಲಿ ಕಬ್ಬಿಣ ಇದೆ, ಆದರೆ ಅದರ ಜೊತೆಗೆ ಫೈಟೇಟ್ ಅನ್ನುವ ಅಂಶವೂ ಇದೆ. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ಕರುಳು ಹೀರದಂತೆ ಮಾಡುತ್ತದೆ. ಅದೇ ಊಟದಲ್ಲಿ ಒಂದಿಷ್ಟು ಮೀನೋ ಮಾಂಸವೋ ಇದ್ದರೆ ಧಾನ್ಯದ ಕಬ್ಬಿಣವೂ ಜಾಸ್ತಿ ಮೈಗೆ ಹತ್ತುತ್ತದೆ. ಹುಣಸೆಯ ಹುಳಿಯೂ ಕೈಜೋಡಿಸುತ್ತದೆ. ಮುದ್ದೆ ಮತ್ತು ಮೀನು ಸಾರಿನ ಜೋಡಿಯನ್ನು ಮಂಡ್ಯ ಕಡೆಯವರು ರುಚಿಗೆ ಅಂತ ಮಾಡಿಕೊಂಡಿರಬಹುದು, ದೇಹಕ್ಕೂ ಅದು ಸರಿಹೋಗಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಜನರಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8. ಕೆರೆಗೆ ಹೆಸರಾದ ನಾಡಿನಲ್ಲಿ ಈ ಅಂಕಿ. ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಾವು ವರ್ಷಗಟ್ಟಲೆ ಜಗಳ ಆಡಿದ್ದೇವೆ. ಮೀನಿನ ಹೆಸರು ಆ ಜಗಳದಲ್ಲಿ ಬಂದದ್ದೇ ಕಡಿಮೆ.

ದೊಡ್ಡ ಮೀನು ಮಾಡಿದ ಉಪಕಾರ

ಹಾಗಂತ ಕಾಟ್ಲಾ, ರೋಹುವನ್ನು ಖಳನಾಯಕ ಮಾಡಿ ಕೂರಿಸಿದರೆ ಅದೂ ಅನ್ಯಾಯ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಈ ಗೆಂಡೆ ಜಾತಿಯ ಮೀನುಗಳ ಮರಿ ಬೇಕೆಂದರೆ ಮಳೆಗಾಲದಲ್ಲಿ ನದಿಗೆ ಹೋಗಿ ಹಿಡಿದು ತರಬೇಕಿತ್ತು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡುವುದಿಲ್ಲ. ಹರಿಯುವ ಪ್ರವಾಹ ಬೇಕು. ನದಿಯಿಂದ ತಂದ ಮರಿಗಳಲ್ಲಿ ಯಾವುದು ಕಾಟ್ಲಾ, ಯಾವುದು ಬೇಡದ ಮೀನು ಅಂತ ಗೊತ್ತಾಗುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು. ಈಗ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ನಮ್ಮ ಭದ್ರಾ, ಕಬಿನಿ, ತುಂಗಭದ್ರಾ ಜಲಾಶಯಗಳ ಬಳಿ ಇರುವ ಮರಿ ಉತ್ಪಾದನಾ ಕೇಂದ್ರಗಳೆಲ್ಲ ಆ ಚುಚ್ಚುಮದ್ದಿನ ಮಕ್ಕಳೇ.

ಈ ಮೂರು ಮೀನು ಒಟ್ಟಿಗೆ ಬೆಳೆಯುವ ರೀತಿಯೂ ಚೆಂದ. ಕಾಟ್ಲಾ ಮೇಲಿನ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿ ತಿನ್ನುತ್ತದೆ. ರೋಹು ನಡುವಿನದ್ದು. ಮೃಗಾಲ್ ತಳದ ಕೊಳೆತದ್ದನ್ನು ಕೆದಕುತ್ತದೆ. ಮೂರು ಮಹಡಿಯ ಮನೆಯಲ್ಲಿ ಮೂರು ಸಂಸಾರ, ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುವುದಿಲ್ಲ. ಸಗಣಿ ಗೊಬ್ಬರ, ತೌಡು, ಕಡಲೆಕಾಯಿ ಹಿಂಡಿ ಸಾಕು. ಇನ್ನೊಂದು ಮೀನು ತಿನ್ನಿಸಿ ಇವನ್ನು ಬೆಳೆಸಬೇಕಾಗಿಲ್ಲ. ಕಡಲ ಮೀನಿನ ಪುಡಿ ತಿಂದು ಬೆಳೆಯುವ ಸೀಗಡಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಆಂಧ್ರದ ಕೃಷ್ಣಾ, ಗೋದಾವರಿ ಬಯಲಿನ ಕೊಳಗಳಿಂದ ಐಸ್ ಪೆಟ್ಟಿಗೆಯಲ್ಲಿ ಕೋಲ್ಕತ್ತಾ, ಅಸ್ಸಾಂವರೆಗೂ ರೋಹು ಹೋಗುತ್ತದೆ. ಈ ಸಾಕಣೆ ಇಲ್ಲದಿದ್ದರೆ ಪೇಟೆಯ ಕೂಲಿಯವನಿಗೆ ಮೀನು ಕೈಗೆಟಕುತ್ತಿರಲಿಲ್ಲ.

ಆದರೆ ಪೇಟೆಗೆ ಹೋಗುವ ಮೀನು ಊರಲ್ಲಿ ಉಳಿಯುವುದಿಲ್ಲ. ಕೆರೆಯನ್ನು ಗುತ್ತಿಗೆ ಕೊಡುವ ಪದ್ಧತಿ ನೋಡಿ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಣ್ಣವು ಗ್ರಾಮ ಪಂಚಾಯಿತಿಯ ಕೈಯಲ್ಲಿ. ಮೀನುಗಾರರ ಸಹಕಾರ ಸಂಘಕ್ಕೋ, ಟೆಂಡರ್ ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೋ ಕೆಲವು ವರ್ಷಕ್ಕೆ ಹಕ್ಕು ಹೋಗುತ್ತದೆ. ಅಲ್ಲಿಂದ ಕೆರೆಗೆ ಕಾವಲು ಬರುತ್ತದೆ. ಗಾಳ ಹಿಡಿದು ಬಂದ ಹುಡುಗನನ್ನು ಏರಿಯ ಮೇಲಿಂದಲೇ ಓಡಿಸುತ್ತಾರೆ. ನಮ್ಮೂರ ಕೆರೆಯಲ್ಲೂ ಹೀಗೇ ಆಯಿತು. ನೀರು ಕುಡಿಯಲು ಬಂದ ಎಮ್ಮೆಗೆ ತಡೆಯಿಲ್ಲ, ಬಟ್ಟೆ ಒಗೆಯಲು ತಡೆಯಿಲ್ಲ, ಗಾಳಕ್ಕೆ ಮಾತ್ರ ತಡೆ.

ಗುತ್ತಿಗೆದಾರನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಅವನ ಲೆಕ್ಕವೂ ಲೆಕ್ಕವೇ. ಗುತ್ತಿಗೆ ಹಣ ಮುಂಗಡ ಕಟ್ಟಿದ್ದಾನೆ, ಮರಿ ಬಿಟ್ಟಿದ್ದಾನೆ, ಹರಿಗೋಲು, ಬಲೆ ತಂದಿದ್ದಾನೆ. ಮಳೆ ಕೈಕೊಟ್ಟು ಕೆರೆ ಮಾರ್ಚಿಗೇ ಒಣಗಿದರೆ ಅವನ ಕಥೆ ಮುಗಿಯಿತು. ಬೆಸ್ತರು, ಗಂಗಾಮತಸ್ಥರ ಸಂಘಗಳಿಗೆ ಈ ಗುತ್ತಿಗೆಯೇ ಜೀವನ. ತಪ್ಪಿರುವುದು ಕರಾರಿನ ರೂಪದಲ್ಲಿ. ಕೆರೆಯ ಮೀನು ಅಂದರೆ ಬಿತ್ತಿದ ಮೀನು ಮಾತ್ರ, ಉಳಿದದ್ದೆಲ್ಲ ಕಳೆ ಅನ್ನುವ ಎಣಿಕೆಯ ಮೇಲೆ ಅದು ನಿಂತಿದೆ.

ಹಳೆಯ ಪದ್ಧತಿಗಳು ಹೀಗಿರಲಿಲ್ಲ. ಸೊರಬ, ಸಾಗರ, ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ನಡೆಯುತ್ತದೆ. ಕೆರೆಯ ನೀರು ಮೊಳಕಾಲಿಗೆ ಇಳಿದಾಗ ಒಂದು ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಊರುಗಳ ನೂರಾರು ಜನ ಕೂಣಿ ಅನ್ನುವ, ಮೀನು ಹಿಡಿಯುವ ಬಿದಿರಿನ ಬುಟ್ಟಿ ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಕೂಣಿಗೆ ಇಷ್ಟು ಅಂತ ದುಡ್ಡು, ಅದು ಊರಿನ ದೇವಸ್ಥಾನದ ಕೆಲಸಕ್ಕೆ. ಸಿಕ್ಕ ಮೀನು ಸಿಕ್ಕವರದ್ದು. ಇದನ್ನು ರಮ್ಯವಾಗಿ ನೋಡುವುದೂ ಬೇಡ. ಕೂಣಿ ಹಿಡಿದು ಇಳಿಯುವವರು ಹೆಚ್ಚಾಗಿ ಗಂಡಸರೇ, ಮೀನು ಸಿಗದಾಗ ಜಗಳ, ಹೊಡೆದಾಟ ಆದದ್ದೂ ಇದೆ. ಆದರೂ ಆ ಒಂದು ರಾತ್ರಿ ಸುತ್ತಲಿನ ಊರುಗಳ ಮನೆಮನೆಯಲ್ಲೂ ಮೀನು ಸಾರಿನ ವಾಸನೆ.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಅನ್ನುವ ಆಳೆತ್ತರದ ಮೀನನ್ನು ತಂದು ಬಿಟ್ಟರು. ಮೂವತ್ತು ವರ್ಷ ಸದ್ದಿಲ್ಲ. 1980ರ ದಶಕದಲ್ಲಿ ಅದು ಇದ್ದಕ್ಕಿದ್ದಂತೆ ಹೆಚ್ಚಿತು. ಸರೋವರಕ್ಕೇ ವಿಶೇಷವಾಗಿದ್ದ ನೂರಾರು ಜಾತಿಯ ಸಣ್ಣ ಮೀನುಗಳು ಕಾಣೆಯಾದವು. ದಡದಲ್ಲಿ ಕಾರ್ಖಾನೆಗಳು ಎದ್ದವು. ಮುಳ್ಳಿಲ್ಲದ ಮೀನಿನ ಹೋಳು ವಿಮಾನ ಹತ್ತಿ ಯುರೋಪಿಗೆ ಹೋಯಿತು. ಟನ್ ಲೆಕ್ಕ ನೋಡಿದರೆ ಹಬ್ಬ, ಡಾಲರ್ ಲೆಕ್ಕ ನೋಡಿದರೆ ಇನ್ನೂ ಹಬ್ಬ. ದಡದ ಬಡವರಿಗೆ ಉಳಿದದ್ದು ಹೋಳು ತೆಗೆದ ಮೇಲಿನ ತಲೆ, ಬೆನ್ನುಮೂಳೆ. ಅದನ್ನೇ ಕರಿದು ಮಾರುವ ವ್ಯಾಪಾರವೇ ಹುಟ್ಟಿಕೊಂಡಿತು. ಕೊನೆಗೆ ಜನರ ಕೈಹಿಡಿದದ್ದು ಪರ್ಚ್‌ನ ಬಾಯಿಂದ ಉಳಿದ ಒಂದು ಪುಟ್ಟ ಬೆಳ್ಳಿಬಣ್ಣದ ಮೀನು. ತಾಂಜಾನಿಯಾದಲ್ಲಿ ದಗಾ, ಕೀನ್ಯಾದಲ್ಲಿ ಒಮೇನಾ ಅನ್ನುತ್ತಾರೆ. ಮರಳ ಮೇಲೆ ಒಣಗಿಸಿ ಡಬ್ಬದ ಅಳತೆಯಲ್ಲಿ ಮಾರುತ್ತಾರೆ. ಈಗ ಅದಕ್ಕೂ ಪೈಪೋಟಿ ಬಂದಿದೆ. ಕೋಳಿ ಮೇವಿನ ಕಂಪನಿಗಳಿಗೂ ಅದೇ ಬೇಕು.

ನೀರಿಲ್ಲದೆ ಮೀನಿಲ್ಲ, ಆದರೆ ಯಾವ ನೀರು?

ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಗಂಗೆಗೆ ಕಟ್ಟಿದ ಅಡ್ಡಗಟ್ಟೆ 1975ರಲ್ಲಿ ಬಳಕೆಗೆ ಬಂತು. ಅದಕ್ಕೂ ಮುಂಚೆ ಇಲಿಶ್ ಅಥವಾ ಹಿಲ್ಸಾ ಮೀನು ಸಮುದ್ರದಿಂದ ಅಲಹಾಬಾದ್‌ವರೆಗೂ ಈಜಿ ಹೋಗುತ್ತಿತ್ತು. ಆಮೇಲೆ ಮೇಲಿನ ಊರುಗಳಿಗೆ ಆ ಮೀನು ಹೆಚ್ಚುಕಡಿಮೆ ಮುಗಿದೇ ಹೋಯಿತು. ಅಣೆಕಟ್ಟಿನ ಖರ್ಚಿನಲ್ಲಿ ಆ ಮೀನಿನ ಬೆಲೆ ಸೇರಿಲ್ಲ.

ಮಲೆನಾಡಿನಲ್ಲಿ ಇದೇ ಸಂಗತಿ ಸಣ್ಣದಾಗಿ, ಸದ್ದಿಲ್ಲದೆ ನಡೆಯುತ್ತಿದೆ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ, ಹಳ್ಳದ ಮೀನುಗಳು ನೀರಿನ ಎದುರು ಈಜಿ ಗದ್ದೆ ಬಯಲಿಗೆ ಹತ್ತುತ್ತವೆ. ತೆಳು ನೀರು, ಬೆಚ್ಚನೆಯ ಕೆಸರು, ಮೊಟ್ಟೆ ಇಡಲು ಹೇಳಿಮಾಡಿಸಿದ ಜಾಗ. ಇದಕ್ಕೇ ಹತ್ತು ಮೀನು ಅನ್ನುತ್ತಾರೆ. ರಾತ್ರಿ ಟಾರ್ಚ್ ಹಿಡಿದು ಅದನ್ನು ಹಿಡಿಯುವ ಸಂಭ್ರಮ ತೀರ್ಥಹಳ್ಳಿ, ಹೊಸನಗರದವರಿಗೆ ಹೇಳಬೇಕಾಗಿಲ್ಲ. ಇಲಾಖೆ ಪ್ರತಿ ವರ್ಷ ಮೊಟ್ಟೆ ಇಡುವ ಕಾಲದಲ್ಲಿ ಹಿಡಿಯಬೇಡಿ ಎಂದು ಆದೇಶ ಹೊರಡಿಸುತ್ತದೆ. ಬಸುರಿ ಮೀನನ್ನು ಹಿಡಿಯುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಗದ್ದೆಯನ್ನು ಮುಚ್ಚಿ ಅಡಿಕೆ ಸಸಿ ಇಟ್ಟ ಮೇಲೆ ಮೀನಿಗೆ ಹತ್ತಲು ಜಾಗವೇ ಇಲ್ಲ. ಅದರ ಬಗ್ಗೆ ಯಾವ ಆದೇಶವೂ ಇಲ್ಲ. ಹೊಳೆಯ ಗುಂಡಿಗೆ ಸಿಡಿಮದ್ದು ಎಸೆದು, ಕರೆಂಟ್ ಹಾಯಿಸಿ ಮರಿ ಸಮೇತ ಕೊಲ್ಲುವವರ ಮುಂದೆ ಕೂಳಿ ಇಟ್ಟು ಕೂತ ಮುದುಕನ ಪಾಪ ಎಷ್ಟರದ್ದು?

ಇನ್ನು ಊರ ಕೊಳೆ ನೀರು. ಇಲ್ಲಿ ನನ್ನ ವಾದಕ್ಕೇ ಒಂದು ಪೆಟ್ಟು ಬೀಳುತ್ತದೆ. ಕೋಲ್ಕತ್ತಾದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ಜೌಗು ಭೂಮಿ ಇದೆ. ಪೇಟೆಯ ಕೊಳಚೆ ನೀರು ಅಲ್ಲಿನ ಆಳವಿಲ್ಲದ ಕೊಳಗಳಿಗೆ ಹರಿಯುತ್ತದೆ. ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ, ಮೀನನ್ನು ಪೇಟೆ ತಿನ್ನುತ್ತದೆ. ಬಡ ಮೀನುಗಾರರ ಈ ಜಾಣತನವನ್ನು ಪ್ರಪಂಚಕ್ಕೆ ತೋರಿಸಿದವರು ಎಂಜಿನಿಯರ್ ಧ್ರುವಜ್ಯೋತಿ ಘೋಷ್. 2002ರಲ್ಲಿ ಅದು ಪ್ರಪಂಚದ ಮುಖ್ಯ ಜೌಗು ಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇದು ನಡೆಯುವುದು ಕೊಳಚೆ ಮನೆಗಳದ್ದಾಗಿದ್ದರೆ ಮಾತ್ರ. ಕಾರ್ಖಾನೆಯ ಲೋಹ ಸೇರಿದರೆ ಪಾಚಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ.

ಬೆಂಗಳೂರಿನಲ್ಲಿ 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಮೀನು ಸತ್ತು ತೇಲಿದ್ದು ನೆನಪಿರಬಹುದು. ಕೊಳಚೆ ಜಾಸ್ತಿಯಾದ ನೀರಿನಲ್ಲಿ ರಾತ್ರಿ ಹೊತ್ತು ಆಮ್ಲಜನಕ ಇಳಿಯುತ್ತದೆ. ಬೆಳಗಿನ ಜಾವಕ್ಕೆ ಮೀನಿಗೆ ಉಸಿರೇ ಇರುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಎರಡು ಹಂತ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಒಣಗಿ ಬಿರಿದಿದ್ದ ಕೆರೆಗಳಲ್ಲಿ ಮತ್ತೆ ಮೀನು. ಅಲ್ಲಿನ ಜನ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳುತ್ತಲೇ ಇದ್ದಾರೆ. ಮೀನಿನ ದೃಷ್ಟಿಯಿಂದ ಆ ಬೇಡಿಕೆಗೆ ತೂಕವಿದೆ. ಭಾರ ಲೋಹಗಳು ಮಾಂಸಕ್ಕಿಂತ ಜಾಸ್ತಿ ಸೇರಿಕೊಳ್ಳುವುದು ಯಕೃತ್ತು, ಕಿವಿರುಗಳಲ್ಲಿ. ದೊಡ್ಡ ಮೀನಿನಲ್ಲಿ ಅವನ್ನು ತೆಗೆದು ಎಸೆಯುತ್ತೇವೆ. ಸಣ್ಣ ಮೀನನ್ನು ಇಡಿಯಾಗಿ ತಿಂದರೆ ಅವೂ ಹೊಟ್ಟೆಗೇ. ನಾನು ಹೊಗಳಿದ ಗುಣವೇ ಕೆಟ್ಟ ನೀರಿನಲ್ಲಿ ಅಪಾಯವಾಗುತ್ತದೆ. ಪೇಟೆ ಅಂಚಿನ ಕೆರೆಯ ಸಣ್ಣ ಮೀನನ್ನು ಮಕ್ಕಳಿಗೆ ಕೊಡಿ ಅಂತ ನಾನು ಹೇಳಲಾರೆ. ಮೊದಲು ಮೀನಿನ ಪರೀಕ್ಷೆ ಆಗಲಿ, ಅದರ ಫಲಿತಾಂಶ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ.

ಹಳ್ಳಿ ಕೆರೆಗಳಲ್ಲಿ ಮಾಡಬಹುದಾದದ್ದು ಕಷ್ಟದ್ದಲ್ಲ. ಬಾಂಗ್ಲಾದೇಶದಲ್ಲಿ ಮನೆ ಹಿಂದಿನ ಕೊಳಗಳಲ್ಲಿ ವಿಷ ಹಾಕುವುದನ್ನು ಬಿಟ್ಟು, ಗೆಂಡೆ ಮೀನಿನ ಜೊತೆಗೇ ಮೋಲಾವನ್ನೂ ಬಿಟ್ಟು ನೋಡಿದರು. ಮೋಲಾಕ್ಕೆ ಪ್ರತಿ ವರ್ಷ ಮರಿ ಕೊಳ್ಳಬೇಕಾಗಿಲ್ಲ. ನಿಂತ ನೀರಿನಲ್ಲೇ ಮರಿ ಮಾಡುತ್ತದೆ. ದೊಡ್ಡ ಮೀನಿನ ಇಳುವರಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ದೊಡ್ಡದು ಮಾರಾಟಕ್ಕೆ, ಆಗಾಗ ಸಣ್ಣ ಬಲೆ ಹಾಕಿ ತೆಗೆದ ಮೋಲಾ ಮನೆಯ ಅಡುಗೆಗೆ. ನಮ್ಮ ಗುತ್ತಿಗೆ ಕರಾರಿನಲ್ಲೂ ಇಂಥ ಒಂದು ಸಾಲು ಸೇರಬಹುದು: ಬಿತ್ತಿದ ಮೀನು ಗುತ್ತಿಗೆದಾರನದ್ದು, ವಾರಕ್ಕೊಂದು ದಿನ ಗಾಳಕ್ಕೂ ಬೀಸುಬಲೆಗೂ ಸಿಗುವ ಸಣ್ಣ ಮೀನು ಊರಿನದ್ದು. ಗೇಣುದ್ದದ ಕಾಟ್ಲಾ ಸಿಕ್ಕರೆ ವಾಪಸ್ ಬಿಡಬೇಕು. ಜಗಳ ಆಗುವುದಿಲ್ಲವಾ? ಆಗುತ್ತದೆ. ತೂಬಿನ ನೀರಿನ ಸರದಿಗೂ ಜಗಳ ಆಗುತ್ತದೆ, ಹಾಗಂತ ಸರದಿ ಬಿಟ್ಟಿದ್ದೇವಾ?

ಒಡಿಶಾದ ಮಯೂರ್‌ಭಂಜ್‌ನಲ್ಲಿ ಅಂಗನವಾಡಿ ಮಕ್ಕಳಿಗೆ, ಬಾಣಂತಿಯರಿಗೆ ಒಣಗಿಸಿದ ಸಣ್ಣ ಮೀನು, ಮೀನಿನ ಪುಡಿ ಕೊಡುವ ಪ್ರಯೋಗ ನಡೆದಿದೆ. ಸಾರಿಗೆ ಒಂದು ಚಮಚ ಹಾಕಿದರೆ ಆಯಿತು. ಫ್ರಿಜ್ ಬೇಡ, ಮುಳ್ಳಿನ ಭಯ ಇಲ್ಲ. ಮೀನು ತಿನ್ನದ ಮನೆಯ ಮಕ್ಕಳಿಗೆ ಬೇರೆ ಏನಾದರೂ ಕೊಟ್ಟರಾಯಿತು, ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟ ಹಾಗೆ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಗೆ 20,050 ಕೋಟಿ ರೂಪಾಯಿ ಎತ್ತಿಟ್ಟರು. ತಲಾ ಮೀನು ಸೇವನೆಯನ್ನು ವರ್ಷಕ್ಕೆ ಐದಾರು ಕಿಲೋದಿಂದ 12 ಕಿಲೋಗೆ ಏರಿಸುವ ಗುರಿಯೂ ಅದರಲ್ಲಿತ್ತು. ತಲಾ ಅಂದರೆ ಸರಾಸರಿ. ಒಬ್ಬ 24 ಕಿಲೋ ತಿಂದು ಪಕ್ಕದವನು ಏನೂ ತಿನ್ನದಿದ್ದರೂ ಸರಾಸರಿ 12 ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೆರೆಯಲ್ಲಿ ಮೀನು ಎಳೆಯುವ ದಿನ. ಬೆಳಗ್ಗೆ ಆರಕ್ಕೇ ಐಸ್ ಪೆಟ್ಟಿಗೆಯ ಟೆಂಪೋ ಏರಿಯ ಮೇಲೆ ನಿಂತಿತ್ತು. ಎಳೆದ ಬಲೆಯಿಂದ ಕಾಟ್ಲಾ, ರೋಹು ಆರಿಸಿ ಕ್ರೇಟಿಗೆ ತುಂಬಿ, ತೂಕ ಹಾಕಿ, ಚೀಟಿ ಬರೆದು ಕಳಿಸಿದರು. ಬಲೆಯ ತಳದಲ್ಲಿ ಪಕ್ಕೆ ಮೀನು, ಒಂದಿಷ್ಟು ಜಿಲೇಬಿ ಮೀನಿನ ಮರಿ ಕೆಸರಿನ ಜೊತೆ ಪಿತಪಿತ ಅನ್ನುತ್ತಿದ್ದವು. ಅದನ್ನು ದಡಕ್ಕೆ ಸುರಿದರು. ಆಗಲೇ ಪಾತ್ರೆ ಹಿಡಿದು ಕಾಯುತ್ತಿದ್ದ ಏಳೆಂಟು ಹೆಂಗಸರು ಕೂತು ಆರಿಸಿಕೊಂಡರು. ಗುತ್ತಿಗೆದಾರ ಬೇಡ ಅನ್ನಲಿಲ್ಲ, ಕೊಟ್ಟೆ ಅಂತಲೂ ಅನ್ನಲಿಲ್ಲ. ಒಂಬತ್ತು ಗಂಟೆಗೆ ಟೆಂಪೋ ಹೊರಟಿತು. ಅಷ್ಟರಲ್ಲಿ ದಡವೂ ಖಾಲಿ. ಟೆಂಪೋದ ಮೀನು ಎಷ್ಟು ಕಿಲೋ ಅಂತ ಚೀಟಿಯಲ್ಲಿ ಇತ್ತು. ಪಾತ್ರೆಯಲ್ಲಿ ಹೋದದ್ದನ್ನು ಯಾರೂ ತೂಗಲಿಲ್ಲ.